ಸ್ಟೆಮ್ ಸೆಲ್ ಕಸಿ ಮುಗಿಸಿ ಕೋಲಾರಕ್ಕೆ ಮರಳಿದ ಮೇಲೆ ಮೊದಲ 100 ದಿನ

ಮೂಳೆ ಮಜ್ಜೆಯ ಕ್ಯಾನ್ಸರ್ ಆದ ಮಲ್ಟಿಪಲ್ ಮೈಲೋಮಾಗೆ ರೋಗಿಯ ಸ್ವಂತ ಸ್ಟೆಮ್ ಸೆಲ್‌ಗಳನ್ನೇ (ರಕ್ತಕಣ ಹುಟ್ಟಿಸುವ ಮೂಲ ಕೋಶಗಳು) ಮೊದಲು ತೆಗೆದಿಟ್ಟು, ಮೆಲ್ಫಲಾನ್ ಕೀಮೋ ಕೊಟ್ಟು, ಆಮೇಲೆ ಅವನ್ನು ಮರಳಿ ಏರಿಸುತ್ತಾರೆ. ಸುಮಾರು 10ರಿಂದ 14 ದಿನಕ್ಕೆ ಬಿಳಿ ರಕ್ತಕಣ ಚಿಗುರುತ್ತವೆ. ‘ಕೌಂಟ್ ಬಂತು’ ಅಂದ ಕೂಡಲೇ ಮನೆಯವರು ನಿರಾಳರಾಗುತ್ತಾರೆ. ಆದರೆ ಸೋಂಕು ತಡೆಯುವ ಶಕ್ತಿ ಮರಳುವುದಕ್ಕೆ ತಿಂಗಳುಗಳೇ ಬೇಕು. ಎಚ್ಚರಿಕೆ ಸಡಿಲಾಗುವುದು ಊರಿಗೆ ಬಂದ ಮೇಲೆಯೇ.

ರೋಗಿ ಬರುವ ಮುಂಚೆಯೇ ಮಲಗುವ ಕೋಣೆ ತೊಳೆದು, ಗೋಡೆಯ ತೇವ, ಬೂಷ್ಟು ಇಲ್ಲದಂತೆ ಮಾಡಿ. ರೇಷ್ಮೆ ಹುಳು ಸಾಕುವ ಮನೆ ಒಂದೇ ಸೂರಿನಡಿ ಇದ್ದರೆ ರೋಗಿಯನ್ನು ಬೇರೆ ಮನೆಯಲ್ಲಿ ಇರಿಸುವುದೇ ಲೇಸು. ಹುಳುವಿನ ಹಾಸಿಗೆಯ ಕಸ, ಒಣಹುಲ್ಲು, ತಿಪ್ಪೆ, ಬೂಷ್ಟು ಹಿಡಿದ ಕಡಲೆಕಾಯಿ ಇವುಗಳಿಂದ ಏಳುವ ಶಿಲೀಂಧ್ರದ ಕಣ ಶ್ವಾಸಕೋಶಕ್ಕೆ ಹೊಕ್ಕರೆ ಚಿಕಿತ್ಸೆ ಬಹಳ ಕಷ್ಟ. ಮಾಸ್ಕ್ ಹಾಕಿಕೊಂಡು ಕೊಟ್ಟಿಗೆ ಗುಡಿಸುತ್ತೇನೆ ಅಂದರೂ ಬಿಡಬೇಡಿ.

ನೀರು ಶುದ್ಧ ನೀರಿನ ಘಟಕದ್ದಾದರೂ ಕುದಿಸಿ ಆರಿಸಿಯೇ ಕೊಡಿ. ಬೋರ್‌ವೆಲ್ ನೀರಿನ ಫ್ಲೋರೈಡ್ ಕುದಿಸಿದರೆ ಹೋಗದು, ಆದ್ದರಿಂದ ಘಟಕದ ನೀರೇ ಬೇಕು. ಆ 20 ಲೀಟರ್ ಕ್ಯಾನನ್ನು ಮಾತ್ರ ರೋಗಿ ಎತ್ತಬಾರದು: ಮೈಲೋಮಾ ಬೆನ್ನುಮೂಳೆಯನ್ನು ಟೊಳ್ಳು ಮಾಡಿರುತ್ತದೆ, ಎತ್ತಿದ ಏಟಿಗೆ ಮುರಿಯಬಹುದು.

ಬಿಸಿ ಮುದ್ದೆ, ಆಗಷ್ಟೇ ಕುದಿದ ಬಸ್ಸಾರು ಧಾರಾಳವಾಗಿ ಕೊಡಿ. ರಾತ್ರಿ ಹುಳಿಸಿದ ಅಂಬಲಿ, ಹಸಿ ಕೋಸಂಬರಿ, ದ್ರಾಕ್ಷಿ ಸದ್ಯಕ್ಕೆ ಬೇಡ.

ಜ್ವರದ ವಿಷಯದಲ್ಲಿ ಸಡಿಲವೇ ಕೂಡದು. ಡಿಜಿಟಲ್ ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ, ಅಥವಾ ಜ್ವರ ಕಾಣದಿದ್ದರೂ ಚಳಿ ನಡುಕ ಬಂದರೆ, ಅದು ನಡುರಾತ್ರಿಯಾದರೂ ಕಸಿ ತಂಡಕ್ಕೆ ಫೋನ್ ಮಾಡಿ. ಅಳೆಯುವ ಮುನ್ನ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಬೆಂಗಳೂರು 70 ಕಿ.ಮೀ. ಆಸುಪಾಸು, ಮುಳಬಾಗಿಲು, ಶ್ರೀನಿವಾಸಪುರದಿಂದ ಇನ್ನೂ ದೂರ. ರೋಗಿ ತೀರಾ ಸುಸ್ತಾಗಿದ್ದರೆ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೋಲಾರದ ಜಿಲ್ಲಾಸ್ಪತ್ರೆಯಲ್ಲೋ ತಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಏರಿಸಿಕೊಂಡು ಹೊರಡುವುದು ಸೂಕ್ತವೇ ಎಂದು ತಂಡವನ್ನೇ ಕೇಳಿ. ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಬ್ಯಾಗಿನಲ್ಲೇ ಇರಲಿ. ರಕ್ತ ಏರಿಸುವ ಮಾತು ಬಂದರೆ ‘ಇರೇಡಿಯೇಟೆಡ್ (ವಿಕಿರಣ ಹಾಯಿಸಿದ) ರಕ್ತವೇ ಬೇಕೇ’ ಎಂದು ಕಸಿ ತಂಡದಿಂದ ತಿಳಿದುಕೊಳ್ಳಿ.

ಮೈಕೈ ನೋವಿಗೆ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ಬೇಡವೇ ಬೇಡ. ಮೈಲೋಮಾದಿಂದ ಮೊದಲೇ ಸೋತ ಕಿಡ್ನಿಗೆ ಅದು ಪೆಟ್ಟು. ಪ್ಲೇಟ್‌ಲೆಟ್ ಕಮ್ಮಿ ಇರುವಾಗ ಸೊಂಟಕ್ಕೆ ಚುಚ್ಚಿದರೆ ಒಳಗೇ ರಕ್ತ ಕಟ್ಟುತ್ತದೆ.

ಅಸೈಕ್ಲೋವಿರ್ ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸಬೇಡಿ. ಬಿಟ್ಟರೆ ಸರ್ಪಸುತ್ತು ಏಳುವ ಸಂಭವ ಹೆಚ್ಚು. ಬೊಬ್ಬೆ ಕಂಡರೆ ಕೆಮ್ಮಣ್ಣು ಹಚ್ಚಿ ದಿನ ಕಳೆಯದೆ ಅಂದೇ ತೋರಿಸಿ. 72 ಗಂಟೆಯೊಳಗೆ ಔಷಧ ಶುರುವಾದರೆ ಒಳ್ಳೆಯದು.

100 ದಿನದ ಆಸುಪಾಸಿನಲ್ಲಿ ರಕ್ತ ಪರೀಕ್ಷೆ ನೋಡಿ, ಮೈಲೋಮಾ ಹತೋಟಿಯಲ್ಲಿಡುವ ಲೆನಾಲಿಡೊಮೈಡ್ ಔಷಧ ಆರಂಭಿಸುವುದು ರೂಢಿ. ಬಾಲ್ಯದ ಲಸಿಕೆಗಳ ರಕ್ಷಣೆ ಕಸಿಯಿಂದ ಕರಗಿರುತ್ತದೆ. ಅವನ್ನು ಯಾವಾಗ ಮತ್ತೆ ಹಾಕಿಸಬೇಕೆಂದು ಆ ಭೇಟಿಯಲ್ಲೇ ಬರೆಸಿಕೊಳ್ಳಿ. ದಡಾರದಂಥ ಜೀವಂತ ಲಸಿಕೆ 2 ವರ್ಷದ ಒಳಗೆ ಬೇಡ.