ಮನೆ ನೋಡೋಕೆ ಮುಂಚೆ ಸಾಲದ ಪತ್ರ: ರೆಡಿಂಗ್‌ನಲ್ಲಿ ನಾವು ಮಾಡಿದ್ದು

ಇಂಗ್ಲೆಂಡಿನಲ್ಲಿ ಮನೆ ತಗೊಳ್ಳಲು ಹೊರಟ ನಮ್ಮವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: ಎಐಪಿ ಯಾವಾಗ ಮಾಡಿಸಬೇಕು? ಎಐಪಿ ಅಂದರೆ ಅಗ್ರಿಮೆಂಟ್ ಇನ್ ಪ್ರಿನ್ಸಿಪಲ್. ನಿಮ್ಮ ಸಂಬಳ, ಸಾಲ, ಖರ್ಚು ಎಲ್ಲ ಕೇಳಿಕೊಂಡು, "ಇವರಿಗೆ ಇಷ್ಟರವರೆಗೆ ಕೊಡಬಹುದು" ಎಂದು ಬ್ಯಾಂಕ್ ಕೊಡುವ ಒಂದು ಹಾಳೆ. ಅದು ಸಾಲ ಮಂಜೂರಾದ ಪತ್ರ ಅಲ್ಲ.

ನಾವು 2024ರಲ್ಲಿ ರೆಡಿಂಗ್‌ನಲ್ಲಿ ಮನೆ ಕೊಂಡೆವು. ಲೆಕ್ಕಾಚಾರವನ್ನು ತಿಂಗಳುಗಟ್ಟಲೆ ಮೊದಲೇ ಮಾಡಿ ಮುಗಿಸಿದ್ದೆವು. ಹಾಳೆಯನ್ನು ಮಾತ್ರ ಮನೆ ನೋಡಲು ಅಪಾಯಿಂಟ್‌ಮೆಂಟ್ ತಗೊಳ್ಳಲು ಶುರು ಮಾಡಿದ ವಾರದಲ್ಲೇ ಮಾಡಿಸಿದೆವು. ಈಗಲೂ ಕೇಳಿದವರಿಗೆ ನಾನು ಹೇಳುವುದು ಇದೇ ಕ್ರಮವನ್ನು.

ಅಮ್ಮನಿಗೆ ಇದು ವಿಚಿತ್ರ ಅನ್ನಿಸಿತ್ತು. "ಇನ್ನೂ ಒಂದು ಮನೆ ನೋಡಿಲ್ಲ, ಆಗಲೇ ಸಾಲದ ಮಾತೇನೋ?" ಎಂದಿದ್ದರು ಫೋನಿನಲ್ಲಿ. ಅವರ ಮಾತೂ ಸರಿಯೇ. ಬೆಂಗಳೂರಿನಲ್ಲಿ ಫ್ಲ್ಯಾಟ್ ನೋಡಲು ಹೋದರೆ ಬ್ಯಾಂಕಿನವರೇ ಬಿಲ್ಡರ್ ಆಫೀಸಿನಲ್ಲಿ ಕೂತಿರುತ್ತಾರೆ, ಅಲ್ವಾ? ಇಲ್ಲಿ ಹಾಗಿಲ್ಲ. ಜಾಸ್ತಿ ಮನೆಗಳು ಹಳೆಯವು, ಮಾರುವವರು ಅದರಲ್ಲೇ ವಾಸ ಇರುತ್ತಾರೆ, ನಡುವೆ ಎಸ್ಟೇಟ್ ಏಜೆಂಟ್. ರೆಡಿಂಗ್ ಪಕ್ಕದ ಲೋಯರ್ ಅರ್ಲಿ, ವುಡ್ಲಿ ಕಡೆ ಒಳ್ಳೆಯ ಮನೆ ಬಂದರೆ ಶನಿವಾರ ಜನ ಸಾಲಾಗಿ ನೋಡಿಕೊಂಡು ಹೋಗುತ್ತಾರೆ, ಸೋಮವಾರಕ್ಕೆ ಇಷ್ಟು ಕೊಡುತ್ತೇವೆ ಎಂಬ ಆಫರ್‌ಗಳು ಬಂದಿರುತ್ತವೆ. ಆ ಸೋಮವಾರ ಬ್ಯಾಂಕಿನ ಫಾರ್ಮ್ ತುಂಬುತ್ತಾ ಕೂತರೆ ಮನೆ ಕೈತಪ್ಪುತ್ತದೆ.

ಹಾಗಂತ ಆರು ತಿಂಗಳು ಮೊದಲೇ ಮಾಡಿಸಿಟ್ಟರೂ ಉಪಯೋಗವಿಲ್ಲ. ಬ್ಯಾಂಕ್ ನೋಡಿಕೊಂಡು ಎಐಪಿಯ ಅವಧಿ ಸಾಮಾನ್ಯವಾಗಿ 30ರಿಂದ 90 ದಿನ. ಸುಮ್ನೆ ರಾತ್ರಿ ಊಟ ಆದ ಮೇಲೆ ರೈಟ್‌ಮೂವ್ ವೆಬ್‌ಸೈಟಿನಲ್ಲಿ ಮನೆಗಳ ಫೋಟೋ ನೋಡುವ ಹಂತದಲ್ಲಿ ಅದು ಬೇಕಿಲ್ಲ. ಮುಗಿದರೆ ಇನ್ನೊಂದು ತಗೋಬಹುದು, ದುಡ್ಡೂ ಕೊಡಬೇಕಿಲ್ಲ. ಆದರೆ ಪ್ರತಿ ಸಲ ಬ್ಯಾಂಕ್ ನಿಮ್ಮ ಕ್ರೆಡಿಟ್ ಫೈಲ್, ಅಂದರೆ ನಿಮ್ಮ ಸಾಲದ ದಾಖಲೆ, ನೋಡುತ್ತದೆ. ಹಾಗೆ ನೋಡಿದ್ದು ಸಾಫ್ಟ್ ಸರ್ಚ್ ಆದರೆ ನಿಮಗೆ ಮಾತ್ರ ಕಾಣುತ್ತದೆ, ತೊಂದರೆ ಇಲ್ಲ. ಹಾರ್ಡ್ ಸರ್ಚ್ ಆದರೆ ಬೇರೆ ಬ್ಯಾಂಕುಗಳಿಗೂ ಕಾಣುತ್ತದೆ. ಕಡಿಮೆ ಸಮಯದಲ್ಲಿ ಅಂಥವು ನಾಲ್ಕಾರು ಬಿದ್ದರೆ ಸ್ಕೋರ್ ಇಳಿಯುತ್ತದೆ. ನಮಗೆ ಸಾಲ ಹುಡುಕಿಕೊಡುವ ಬ್ರೋಕರ್‌ಗೆ ನಾನು ಮೊದಲು ಕೇಳಿದ್ದೇ ಇದನ್ನು: ಈ ಬ್ಯಾಂಕ್ ಯಾವ ಸರ್ಚ್ ಮಾಡುತ್ತದೆ?

ಮೊದಲೇ ಮಾಡಿಕೊಳ್ಳಬೇಕಾದ್ದು ಬೇರೆ ಇದೆ, ಅದಕ್ಕೆ ನಿಜಕ್ಕೂ ಸಮಯ ಬೇಕು. ಒಂದು, ಮತದಾರರ ಪಟ್ಟಿ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾ ಮೇಲೆ ಇಲ್ಲಿ ವಾಸ ಇರುವ ನಮ್ಮವರೂ ಹೆಸರು ಸೇರಿಸಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ನಿಮ್ಮ ಹೆಸರು, ವಿಳಾಸ ಖಚಿತ ಮಾಡಿಕೊಳ್ಳಲು ಬ್ಯಾಂಕುಗಳು ಆ ಪಟ್ಟಿ ನೋಡುತ್ತವೆ. ಕ್ರೆಡಿಟ್ ಫೈಲ್ ಇಡುವ ಕಂಪನಿಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ನಿಮ್ಮ ರಿಪೋರ್ಟ್ ಒಮ್ಮೆ ನೋಡಿಬಿಡಿ. ಹಳೆಯ ಬಾಡಿಗೆ ಮನೆ ವಿಳಾಸ ಹಾಗೇ ಉಳಿದುಕೊಂಡಿರುತ್ತದೆ.

ಎರಡು, ಊರಿನ ಸಾಲ. ತಂಗಿ ಮದುವೆಗೆ ನಾನು ಹಾಸನದಲ್ಲಿ ಪರ್ಸನಲ್ ಲೋನ್ ತಗೊಂಡಿದ್ದೆ. ಇಲ್ಲಿನ ಕ್ರೆಡಿಟ್ ಫೈಲಿನಲ್ಲಿ ಅದು ಕಾಣುವುದಿಲ್ಲ. ಆದರೂ ಎಲ್ಲ ಸಾಲ ಹೇಳಿ ಎಂದು ಕೇಳಿದಾಗ ಹೇಳಲೇಬೇಕು, ಮುಚ್ಚಿಟ್ಟರೆ ಅದು ಮೋಸ. ಎಐಪಿಗೆ ಮುಂಚೆಯೇ ಅದನ್ನು ತೀರಿಸಿ, ಬ್ಯಾಂಕಿನಿಂದ ಕ್ಲೋಸರ್ ಲೆಟರ್ ತಗೊಂಡೆ. ಮಗುವಿನ ನರ್ಸರಿ ಫೀಸನ್ನೂ ಬ್ಯಾಂಕ್ ತಿಂಗಳ ಖರ್ಚಿಗೆ ಹಿಡಿಯುತ್ತದೆ. ಸಂಬಳದ ನಾಲ್ಕೂವರೆ ಪಟ್ಟು ಸಾಲ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನರ್ಸರಿ ಫೀಸ್ ಕಟ್ಟುತ್ತಿರುವವರು ಆ ಲೆಕ್ಕ ನಂಬಿಕೊಂಡು ಮನೆ ನೋಡಬೇಡಿ.

ಮೂರು, ವೀಸಾ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರಿಗೆ ಕೆಲವು ಬ್ಯಾಂಕುಗಳು ಮನೆ ಬೆಲೆಯ 25% ಡೆಪಾಸಿಟ್ (ನಾವೇ ಕೈಯಿಂದ ಹಾಕುವ ದುಡ್ಡು) ಕೇಳುತ್ತವೆ, ಕೆಲವು 10%ಕ್ಕೂ ಒಪ್ಪುತ್ತವೆ. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ, ವೀಸಾ ಇನ್ನೆಷ್ಟು ದಿನ ಇದೆ ಎಂದು ನೋಡುವ ಬ್ಯಾಂಕುಗಳೂ ಇವೆ. ಸಂಬಳದ ಅಕೌಂಟ್ ಇರುವ ಬ್ಯಾಂಕಿಗೇ ಕಣ್ಣುಮುಚ್ಚಿ ಅರ್ಜಿ ಹಾಕುವ ಬದಲು, ಎಲ್ಲ ಬ್ಯಾಂಕುಗಳ ನಿಯಮ ಗೊತ್ತಿರುವ ಬ್ರೋಕರ್ ಹಿಡಿಯುವುದು ಇದಕ್ಕೇ.

ಇನ್ನು ಊರಿನ ಆಸ್ತಿ. ನೀವು ಪ್ರಪಂಚದ ಯಾವ ಮೂಲೆಯಲ್ಲಾದರೂ ಮನೆಯ ಮಾಲೀಕರಾಗಿದ್ದರೆ, ಪಿತ್ರಾರ್ಜಿತವಾಗಿ ಬಂದಿದ್ದರೂ ಸರಿ, ಸ್ಟ್ಯಾಂಪ್ ಡ್ಯೂಟಿಗೆ ಮೊದಲ ಸಲ ಕೊಳ್ಳುವವರು ಅನ್ನಿಸಿಕೊಳ್ಳುವುದಿಲ್ಲ. ಆ ಮನೆ ಈಗಲೂ ನಿಮ್ಮ ಹೆಸರಿನಲ್ಲಿದ್ದು, ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಸಾಮಾನ್ಯವಾಗಿ ಎರಡನೇ ಮನೆಯ ಹೆಚ್ಚಿನ ದರ ಬೀಳುತ್ತದೆ. ಈಗಿನ ದರದಲ್ಲಿ 4,00,000 ಪೌಂಡಿನ ಮನೆಗೆ ಮೊದಲ ಸಲದವರು ಕಟ್ಟುವುದು 5,000 ಪೌಂಡ್. ಬೆಂಗಳೂರಿನಲ್ಲಿ ಫ್ಲ್ಯಾಟ್ ಇಟ್ಟುಕೊಂಡವರು ಕಟ್ಟುವುದು 30,000. ಈ ದುಡ್ಡು ಡೆಪಾಸಿಟ್‌ಗೆ ಅಂತ ಇಟ್ಟಿದ್ದರಿಂದಲೇ ಹೋಗುವುದು, ಹಾಗಾಗಿ ಎಐಪಿಯಲ್ಲಿ ಎಷ್ಟು ಕೇಳಬೇಕು ಎನ್ನುವುದೇ ಬದಲಾಗುತ್ತದೆ. ನಮ್ಮ ಹಾಸನದ ಮನೆ ಅಪ್ಪನ ಹೆಸರಿನಲ್ಲೇ ಇದೆ. ಹೆಂಡತಿ ಹೆಸರಲ್ಲಿ ಮೈಸೂರಿನಲ್ಲಿ ಒಂದು ಖಾಲಿ ಸೈಟ್ ಇದೆ. ನಮ್ಮ ಸಾಲಿಸಿಟರ್ (ಮನೆ ಖರೀದಿಯ ಕಾಗದಪತ್ರ ನೋಡುವ ವಕೀಲರು) ಕಾಗದ ನೋಡಿ, ಬರೀ ನೆಲ, ಮನೆಯಲ್ಲ, ತೊಂದರೆ ಇಲ್ಲ ಎಂದರು.

ಈಗ ಏಜೆಂಟ್ ವಿಷಯ. ಏಜೆಂಟ್ ಎಷ್ಟೇ ನಗುನಗುತ್ತಾ ಮಾತಾಡಲಿ, ಅವನು ಮಾರುವವನ ಕಡೆಯವನು. ನಮಗೆ 3,40,000 ಪೌಂಡ್‌ವರೆಗೆ ಸಾಲ ಸಿಗುತ್ತಿತ್ತು, ಕೈಯಲ್ಲಿ 60,000 ಇತ್ತು. 3,40,000ದ ಎಐಪಿ ತೋರಿಸಿ 3,80,000ಕ್ಕೆ ಆಫರ್ ಕೊಟ್ಟರೆ, ಇವರು ನಾಲ್ಕು ಲಕ್ಷದವರೆಗೆ ಏರಬಲ್ಲರು ಎಂದು ಅವನಿಗೆ ತಕ್ಷಣ ಗೊತ್ತಾಗುತ್ತದೆ. ಸಂತೆಯಲ್ಲಿ ಪರ್ಸ್ ಬಿಚ್ಚಿ ತೋರಿಸಿ ಚೌಕಾಸಿಗೆ ನಿಂತ ಹಾಗೆ. ಬ್ರೋಕರ್‌ಗೆ ಹೇಳಿ 3,20,000ಕ್ಕೆ ಮಾತ್ರ ಎಐಪಿ ತೆಗೆಸಿದೆವು. ಆಮೇಲೆ ಆಫರ್ ಸ್ವಲ್ಪ ಏರಿಸಬೇಕಾಗಿ ಬಂತು. ಆ ಬ್ಯಾಂಕಿನದು ಸಾಫ್ಟ್ ಸರ್ಚ್, ಅದೇ ಮಧ್ಯಾಹ್ನ ಹೊಸ ಹಾಳೆ ಬಂತು.

ಇನ್ನೊಬ್ಬ ಏಜೆಂಟ್, "ನಮ್ಮ ಮಾರ್ಗೇಜ್ (ಮನೆ ಸಾಲ) ಅಡ್ವೈಸರ್ ಜೊತೆ ಮಾತಾಡಿದ ಮೇಲೆ ನಿಮ್ಮ ಆಫರ್ ಮುಂದಕ್ಕೆ ಕಳಿಸುತ್ತೇನೆ" ಎಂದ. ನಿಮ್ಮ ಹತ್ತಿರ ದುಡ್ಡು ಇದೆಯಾ ಎಂದು ವಿಚಾರಿಸುವುದು ಅವನ ಕೆಲಸ, ಅದಕ್ಕೆ ಅಡ್ಡಿಯಿಲ್ಲ. ಆದರೆ ತನ್ನ ಅಡ್ವೈಸರ್ ಮೂಲಕವೇ ಸಾಲ ಮಾಡಿಸಬೇಕು ಎಂದು ಪಟ್ಟು ಹಿಡಿಯುವ ಹಾಗಿಲ್ಲ. ಬಂದ ಆಫರನ್ನು ಮಾರುವವರಿಗೆ ತಿಳಿಸಲೇಬೇಕು ಎನ್ನುವುದು ನಿಯಮ. ನಮ್ಮ ಎಐಪಿಯನ್ನು ಇಮೇಲ್ ಮಾಡಿ, ಬ್ರೋಕರ್ ಆಗಲೇ ಇದ್ದಾರೆ ಎಂದು ಎರಡು ಸಾಲು ಬರೆದೆ. ಆಮೇಲೆ ಆ ಮಾತು ಬರಲಿಲ್ಲ.

ಎಐಪಿ ಕೈಯಲ್ಲಿದ್ದರೆ ಬಡ್ಡಿ ದರವೂ ಸಿಕ್ಕಿತು ಎಂದುಕೊಳ್ಳುವವರಿದ್ದಾರೆ. ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಸರ್ಕಾರದ ಮಿನಿ ಬಜೆಟ್ ಆದ ಕೆಲವೇ ದಿನಗಳಲ್ಲಿ ಬ್ಯಾಂಕುಗಳು ನೂರಾರು ಡೀಲ್ ವಾಪಸ್ ತಗೊಂಡವು. ಎಐಪಿ ಇದ್ದದ್ದಕ್ಕೆ ಹಳೆಯ ದರವೇನೂ ಉಳಿಯಲಿಲ್ಲ. ದರ ಹಿಡಿದಿಡುವುದು ಪೂರ್ತಿ ಅರ್ಜಿ ಹಾಕಿದಾಗ. ಅದೇ ರೀತಿ, ಎಐಪಿ ಕೊಟ್ಟ ಬ್ಯಾಂಕಿನಿಂದಲೇ ಸಾಲ ತಗೋಬೇಕು ಅಂತಲೂ ಇಲ್ಲ. 2024ರ ಆಗಸ್ಟ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ದರವನ್ನು 5.25%ರಿಂದ 5%ಕ್ಕೆ ಇಳಿಸಿತು. ನಮ್ಮ ಆಫರ್ ಒಪ್ಪಿಗೆಯಾದದ್ದು ಅದರ ನಂತರ. ಬ್ರೋಕರ್ ಇನ್ನೊಂದು ಬ್ಯಾಂಕಿನಲ್ಲಿ ಕಡಿಮೆ ದರ ಹುಡುಕಿದರು, ಪೂರ್ತಿ ಅರ್ಜಿ ಅಲ್ಲಿಗೇ ಹೋಯಿತು.

ಎಐಪಿಗೆ ಬಾಯಿಮಾತಿನ ವಿವರ ಸಾಕಾಗುತ್ತದೆ. ಪೂರ್ತಿ ಅರ್ಜಿಗೆ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಿ60 (ವರ್ಷದ ಸಂಬಳ, ತೆರಿಗೆಯ ಪತ್ರ) ಎಲ್ಲ ಬೇಕು. ಅಪ್ಪ ಕಳಿಸಿದ ದುಡ್ಡಿಗೆ, ಇದು ಉಡುಗೊರೆ, ವಾಪಸ್ ಕೇಳುವುದಿಲ್ಲ ಎಂಬ ಪತ್ರ, ಜೊತೆಗೆ ಆ ದುಡ್ಡು ಅವರಿಗೆ ಎಲ್ಲಿಂದ ಬಂತು ಎನ್ನುವುದಕ್ಕೆ ಅವರ ಪಾಸ್‌ಬುಕ್. ಸಾಲಿಸಿಟರ್ ಅದನ್ನೆಲ್ಲ ಇನ್ನೊಂದು ಸಲ ಕೇಳುತ್ತಾರೆ. ಊರಿಂದ ದುಡ್ಡು ತರಿಸುವುದಿದ್ದರೆ ಮನೆ ಹುಡುಕಲು ಶುರು ಮಾಡುವ ಮುಂಚೆಯೇ ತರಿಸಿಕೊಳ್ಳಿ.

ಹಾಳೆ ಕೈಗೆ ಬಂದ ದಿನದಿಂದ ಕೀಲಿ ಕೈಗೆ ಬರುವವರೆಗೆ ಕಂತಿನ ಮೇಲೆ ಕಾರು ತಗೋಬಾರದು, ಆದಷ್ಟು ಕೆಲಸವನ್ನೂ ಬದಲಿಸಬಾರದು. ಪ್ರೊಬೇಷನ್‌ನಲ್ಲಿ ಇರುವವರ ಸಂಬಳವನ್ನು ಕೆಲವು ಬ್ಯಾಂಕುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಹೆಂಡತಿಗೆ ಸರಿಯಾಗಿ ಆ ಮಧ್ಯದಲ್ಲೇ ಹೊಸ ಕೆಲಸ ಸಿಕ್ಕಿತು. ಅವಳು ಆ ಕಂಪನಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸೇರುವ ದಿನವನ್ನು ಕಂಪ್ಲೀಷನ್, ಅಂದರೆ ಖರೀದಿ ಮುಗಿದು ಕೀಲಿ ಸಿಗುವುದು, ಆದ ಮೇಲಕ್ಕೆ ಹಾಕಿಸಿಕೊಂಡಳು.