ಅಪ್ಪಿಯಾ ರಸ್ತೆಯ ಹಳೆಯ ಕಲ್ಲುಹಾಸನ್ನು ನೋಡುವ ಬಗೆ

ಇಟಲಿಯ ಬೆಟ್ಟನಾಡಿನ ಸ್ಯಾಮ್ನೈಟ್ ಜನರ ವಿರುದ್ಧದ ಯುದ್ಧಕಾಲದಲ್ಲಿ ಸೈನ್ಯವನ್ನು ಬೇಗ ಸಾಗಿಸಲೆಂದು ಕ್ರಿ.ಪೂ. 312ರಲ್ಲಿ ರೋಮನ್ ಅಧಿಕಾರಿ ಅಪ್ಪಿಯಸ್ ಕ್ಲಾಡಿಯಸ್ ರೋಮ್‌ನಿಂದ ದಕ್ಷಿಣದ ಕಾಪುವಾ ನಗರದವರೆಗೆ ಹಾಕಿಸಿದ ಈ ರಸ್ತೆಯ ಅವಶೇಷಗಳನ್ನು ನೋಡಬಯಸುವವರು, ವಾಹನಗಳ ಓಡಾಟ ಹೆಚ್ಚಿರುವ ನಗರದ್ವಾರದ ಬಳಿಯ ಭಾಗವನ್ನು ಬಿಟ್ಟು, ರೋಮನ್ ಕುಲೀನ ಮಹಿಳೆ ಸಿಸಿಲಿಯಾ ಮೆಟೆಲ್ಲಾಳ ಸಮಾಧಿಯಿಂದ ದಕ್ಷಿಣಕ್ಕೆ ನಡೆಯುವುದು ಉತ್ತಮ. ಅಲ್ಲಿ ಕಾಣುವ ಕಲ್ಲುಗಳೆಲ್ಲವೂ ಪ್ರಾಚೀನವಲ್ಲ. ಅಂಗೈಯಗಲದ ಚೌಕ ಕಲ್ಲುಗಳು ಈಚಿನವು; ಹಲವು ಮೂಲೆಗಳುಳ್ಳ, ಒಂದಕ್ಕೊಂದು ಹೊಂದುವಂತೆ ಕೂರಿಸಿದ ದೊಡ್ಡ ಕಪ್ಪು ಲಾವಾ ಚಪ್ಪಡಿಗಳೇ ರೋಮನ್ನರ ಕಾಲದವು. ಬಗ್ಗಿ ನೋಡಿದರೆ, ಬಂಡಿಯ ಚಕ್ರಗಳು ಉರುಳಿ ಉರುಳಿ ಸವೆದ ಜಾಡು ಬೆರಳಿಗೆ ಸಿಗುತ್ತದೆ. ಅದನ್ನು ಮುಟ್ಟದೆ ಮುಂದೆ ಹೋಗಬೇಡಿ. ರಸ್ತೆಯ ಅಗಲ ಸುಮಾರು 4.1 ಮೀಟರ್, ಎರಡು ಬಂಡಿಗಳು ಎದುರುಬದುರಾಗಿ ಹಾಯುವಷ್ಟು. ಮಳೆಯಲ್ಲಿ ಚಪ್ಪಡಿಗಳು ಜಾರುವುದರಿಂದ ಗಟ್ಟಿ ಅಟ್ಟೆಯ ಪಾದರಕ್ಷೆ ಧರಿಸಬೇಕು. 2024ರಿಂದ ಇದು ವಿಶ್ವ ಪರಂಪರೆಯ ತಾಣವಾಗಿದ್ದು, ಇಲ್ಲಿನ ಒಂದು ಚೂರು ಕಲ್ಲನ್ನೂ ಕೀಳಬಾರದು.