ಗೆಳೆಯರ ನಕ್ಷೆ ಓದಿದ ನನ್ನ ಅನುಭವ
ನಮ್ಮ ಗೆಳೆಯರ ಜಾಲವನ್ನು ಫೇಸ್‌ಬುಕ್‌ನಿಂದ ಆಪ್ ಮೂಲಕ ಸಲೀಸಾಗಿ ಇಳಿಸಿಕೊಳ್ಳಬಹುದಾದ ಕಾಲ ಒಂದಿತ್ತು. 2015ರ ಏಪ್ರಿಲ್ ಕೊನೆಗೆ ಆ ಬಾಗಿಲು ಮುಚ್ಚಿತು. ಅದಕ್ಕೂ ಮುಂಚೆ ನೆಟ್‌ವಿಜ್ ಎಂಬ ಆಪ್‌ನಿಂದ ನನ್ನ ಫೈಲ್ ತೆಗೆದಿಟ್ಟುಕೊಂಡಿದ್ದೆ. ನನ್ನ ಗೆಳೆಯರು ಯಾರು, ಅವರಲ್ಲಿ ಯಾರಿಗೆ ಯಾರು ಗೆಳೆಯರು ಅನ್ನೋದೇ ಅದರ ತಿರುಳು. ಗೆಫಿ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಮೊದಲು ಕಂಡದ್ದು ಸಿಕ್ಕುಬಿದ್ದ ನೂಲಿನ ಉಂಡೆ. ಆಳಿಗೊಂದು ಚುಕ್ಕಿ, ಗೆಳೆತನಕ್ಕೊಂದು ಗೆರೆ. ಅಷ್ಟೇ.

ಆಮೇಲೆ ಚುಕ್ಕಿಗಳನ್ನು ಜೋಡಿಸಿಡಲು ಗೆಫಿಯಲ್ಲೇ ಇರುವ ಫೋರ್ಸ್‌ಅಟ್ಲಾಸ್2 ಎಂಬ ವಿಧಾನ ಓಡಿಸಿದೆ. ಇದರ ಕೆಲಸ ಸರಳ. ಚುಕ್ಕಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಗೆರೆಗಳು ಹತ್ತಿರಕ್ಕೆ ಎಳೆಯುತ್ತವೆ. ಈ ಜಗ್ಗಾಟದಲ್ಲಿ ಗುಂಪುಗಳು ತಾವಾಗಿ ಬೇರೆಯಾಗುತ್ತವೆ. ಕಾಲೇಜಿನವರು ಒಂದು ಕಡೆ, ಆಫೀಸಿನವರು ಒಂದು ಕಡೆ, ನೆಂಟರು ಇನ್ನೊಂದು ಕಡೆ. ನಕ್ಷೆಯಲ್ಲಿ ನಾನು ಮಾತ್ರ ಇಲ್ಲ, ಇರಲೂಬಾರದು. ಎಲ್ಲರಿಗೂ ನನ್ನ ಜೊತೆ ಗೆರೆ ಇದ್ದೇ ಇರುತ್ತದೆ. ಅದರಿಂದ ಹೊಸದೇನೂ ತಿಳಿಯುವುದಿಲ್ಲ, ಸುಮ್ನೆ ಎಲ್ಲರನ್ನೂ ನಡುವಿಗೆ ಎಳೆಯುತ್ತದೆ.

ಇಂಥ ನಕ್ಷೆಗೆ ದಿಕ್ಕಿಲ್ಲ. ಮೇಲೆ, ಕೆಳಗೆ, ಎಡ, ಬಲ ಯಾವುದಕ್ಕೂ ಅರ್ಥವಿಲ್ಲ. ಚುಕ್ಕಿಗಳನ್ನು ಚೆದುರಿಸಿ ಮತ್ತೆ ಓಡಿಸಿದರೆ ಎಡಕ್ಕಿದ್ದ ಆಫೀಸು ಬಲಕ್ಕೆ ಹೋಗಿ ಕೂರಬಹುದು. ನಾನು ಬೇಕಂತಲೇ ಹಾಗೆ ಮಾಡುತ್ತೇನೆ. ಎಷ್ಟು ಸಲ ಓಡಿಸಿದರೂ ಯಾರು ಯಾರ ಜೊತೆಗೇ ಉಳಿಯುತ್ತಾರೋ ಅದನ್ನಷ್ಟೇ ನಂಬುತ್ತೇನೆ.

ಅಕ್ಕಪಕ್ಕ ಇರುವ ಎರಡು ಚುಕ್ಕಿಗಳು ಗೆಳೆಯರೇ ಆಗಿರಬೇಕಿಲ್ಲ. ನನ್ನ ನಕ್ಷೆಯಲ್ಲಿ ಒಬ್ಬ ಸಹಪಾಠಿ ನೆಂಟರ ಗುಂಪಿನ ಒಳಗೇ ಕೂತಿದ್ದ. ಅವನ ಮೇಲೆ ಮೌಸ್ ಇಟ್ಟೆ. ಗೆಫಿಯಲ್ಲಿ ಹಾಗೆ ಇಟ್ಟರೆ ಆ ಚುಕ್ಕಿಗೆ ಗೆರೆ ಇರುವವರು ಮಾತ್ರ ಎದ್ದು ಕಾಣುತ್ತಾರೆ, ಉಳಿದವರು ಮಸುಕಾಗುತ್ತಾರೆ. ನೋಡಿದರೆ ಅವನಿಗೆ ನೆಂಟರಲ್ಲಿ ಒಬ್ಬರೂ ಗೊತ್ತಿಲ್ಲ! ಬೇರೆ ಎರಡು ಗುಂಪುಗಳ ಕಡೆಯಿಂದ ಎಳೆತ ಬಿದ್ದು ನಡುವೆ ಸಿಕ್ಕಿಕೊಂಡಿದ್ದ. ಸಾವಿರ ನಂಟುಗಳನ್ನು ಒಂದು ಚಪ್ಪಟೆ ಪರದೆಯಲ್ಲಿ ಕೂರಿಸುವಾಗ ಹೀಗಾಗೋದು ಸಹಜ ಅಲ್ವಾ?

ಗುಂಪಿಗೊಂದು ಬಣ್ಣ ಹಾಕಲು ಗೆಫಿಯಲ್ಲಿ ಲೂವೆನ್ ವಿಧಾನ ಇದೆ, 2008ರಲ್ಲಿ ಬಂದದ್ದು. ಒಳಗೊಳಗೆ ಗೆರೆ ಜಾಸ್ತಿ, ಹೊರಗೆ ಕಡಿಮೆ ಇರುವವರನ್ನು ಒಂದು ಗುಂಪು ಮಾಡುತ್ತದೆ. ರೆಸಲ್ಯೂಶನ್ ಎಂಬ ಅಂಕಿಯನ್ನು 1ಕ್ಕಿಂತ ಇಳಿಸಿದಾಗ ನೆಂಟರ ಗುಂಪು ಒಡೆದು ಅಮ್ಮನ ಕಡೆಯವರು, ಅಪ್ಪನ ಕಡೆಯವರು ಎಂದಾಯಿತು. ಏರಿಸಿದರೆ ಮತ್ತೆ ಒಂದೇ ಬಣ್ಣ. ಎರಡೂ ಸರಿಯೇ. ಎಷ್ಟು ಹತ್ತಿರದಿಂದ ನೋಡಬೇಕು ಅನ್ನೋದು ನಮಗೆ ಬಿಟ್ಟದ್ದು.

ಚುಕ್ಕಿಯ ಗಾತ್ರಕ್ಕೆ ಗೆಳೆಯರ ಎಣಿಕೆ ಕೊಡುವುದು ನನಗೆ ಇಷ್ಟವಿಲ್ಲ. ಎಲ್ಲರಿಗೂ ರಿಕ್ವೆಸ್ಟ್ ಕಳಿಸುವವರೇ ದೊಡ್ಡದಾಗಿ ಕಾಣುತ್ತಾರೆ. ಬದಲಿಗೆ ಬಿಟ್ವೀನ್‌ನೆಸ್ ಕೊಡುತ್ತೇನೆ. ಯಾರಿಂದ ಯಾರಿಗೆ ಹೋದರೂ ಹತ್ತಿರದ ದಾರಿಗಳು ಯಾರ ಮೂಲಕ ಹಾದುಹೋಗುತ್ತವೆ ಎಂಬ ಲೆಕ್ಕ ಅದು. ಅದನ್ನು ಹಾಕಿದ ಕೂಡಲೇ ಮೂಲೆಯಲ್ಲಿದ್ದ ಒಂದು ಪುಟ್ಟ ಚುಕ್ಕಿ ಉಬ್ಬಿಕೊಂಡಿತು. ಕಾಲೇಜಿನಲ್ಲಿ ಜೊತೆಗಿದ್ದು ಆಮೇಲೆ ನಮ್ಮ ಆಫೀಸಿಗೇ ಸೇರಿದ ಗೆಳತಿ. ಅವಳಿಗಿದ್ದ ಗೆರೆಗಳು ಕಡಿಮೆಯೇ, ಆದರೆ ಅವಳನ್ನು ಅಳಿಸಿದರೆ ಆ ಎರಡು ಗುಂಪುಗಳ ನಡುವೆ ಬೇರೆ ನಂಟೇ ಇರಲಿಲ್ಲ.

ಗೆರೆಗೆ ದಪ್ಪ ಇಲ್ಲ ಅನ್ನೋದೂ ನೆನಪಿರಲಿ. ಅಣ್ಣತಮ್ಮಂದಿರ ನಡುವೆಯೂ ಅದೇ ಗೆರೆ, ಮದುವೆಮನೆಯಲ್ಲಿ ಒಮ್ಮೆ ಕೈಕುಲುಕಿದವರ ನಡುವೆಯೂ ಅದೇ. ಇನ್ನು ಖಾತೆಯೇ ಇಲ್ಲದವರ ಕಥೆ ಬೇರೆ. ನಮ್ಮಮ್ಮ ಫೇಸ್‌ಬುಕ್‌ನಲ್ಲಿ ಇಲ್ಲ. ಇಡೀ ಬಳಗವನ್ನು ಫೋನಿನಲ್ಲೇ ಹಿಡಿದಿಟ್ಟಿರುವವರು ಅವರು, ನಕ್ಷೆಯಲ್ಲಿ ಅವರ ಸುಳಿವೇ ಇಲ್ಲ.

ಈಗ ಕಲಿಯಲು ಹೊರಟವರಿಗೆ ನಾನು ಹೇಳೋದು ಜಕಾರಿಯ ಕರಾಟೆ ಕ್ಲಬ್ ಫೈಲ್. ಒಂದು ಕರಾಟೆ ಕ್ಲಬ್ಬಿನವರ ಗೆಳೆತನದ ಬಗ್ಗೆ ವೇಯ್ನ್ ಜಕಾರಿ ಎಂಬ ಸಂಶೋಧಕ 1977ರಲ್ಲಿ ಪ್ರಕಟಿಸಿದ ಅಧ್ಯಯನದ್ದು. 34 ಜನ, 78 ಗೆರೆ. ಜಗಳವಾಗಿ ಆ ಕ್ಲಬ್ ನಿಜಕ್ಕೂ ಎರಡಾಯಿತು. ಯಾರು ಯಾವ ಕಡೆ ಹೋಗುತ್ತಾರೆ ಎಂದು ಜಕಾರಿ ಗೆರೆಗಳಿಂದಲೇ ಲೆಕ್ಕ ಹಾಕಿದ್ದು ಒಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಸರಿಹೊಂದಿತು. ಬಣ್ಣ ಹಾಕುವ ಮುಂಚೆ ಆ ಒಬ್ಬ ಯಾರಿರಬಹುದು ಎಂದು ನೀವೇ ಹುಡುಕಿ ನೋಡಿ. ಎರಡೂ ಕಡೆಗೆ ಗೆರೆ ಇರುವವರ ಮೇಲೆ ಮೌಸ್ ಇಡುತ್ತಾ ಹೋಗಿ.